ಅಡ್ಮಿನ್ನನ ಅಧಿಕಾರವೂ ಸದಸ್ಯನ ಮರ್ಯಾದೆಯೂ

ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ತಾಲ್ಲೂಕುಗಳ ವಾಚಕರಿಂದ ಈ ಅಂಕಣಕ್ಕೆ ಬರತಕ್ಕ ಪತ್ರಗಳಲ್ಲಿ ಪಹಣಿಯ ತಿದ್ದುಪಡಿ, ಬೆಳೆವಿಮೆ, ಕಾಲುವೆಯ ಸರದಿ ಇವುಗಳಷ್ಟೇ ಮೇಲಿಂದ ಮೇಲೆ ಈಚೆಗೆ ಕಾಣಿಸಿಕೊಳ್ಳುತ್ತಿರುವ ಇನ್ನೊಂದು ವಿಷಯವುಂಟು. ಅದು ವಾಟ್ಸ್‌ಆ್ಯಪ್ ಗ್ರೂಪಿನ ಅಡ್ಮಿನ್ ಎನ್ನಿಸಿಕೊಂಡವನ ಕರ್ತವ್ಯಾಕರ್ತವ್ಯಗಳನ್ನು ಕುರಿತದ್ದು. ಕಟ್ಟಳೆಯನ್ನು ಮೀರಿದವನನ್ನು ತೆಗೆದುಹಾಕಿದರೆ ಊರೊಳಗೆ ವೈರ ಕಟ್ಟಿಕೊಂಡಂತಾಗುತ್ತದೆ, ಹಾಗೆಯೇ ಬಿಟ್ಟರೆ ಮರ್ಯಾದಸ್ಥರು ಒಬ್ಬೊಬ್ಬರಾಗಿ ಹೊರಟುಹೋಗುತ್ತಾರೆ, ಯಾರೋ ಹಾಕಿದ ಬರಹಕ್ಕಾಗಿ ಪೊಲೀಸರು ತನ್ನನ್ನೇ ಹಿಡಿದಾರೇನೋ ಎಂಬ ಅಂಜಿಕೆ ಬೇರೆ, ದೂರು ಕೊಟ್ಟ ಹೆಣ್ಣುಮಗಳ ಹೆಸರನ್ನು ಹೇಳಬೇಕೋ ಬೇಡವೋ ಎಂಬ ಸಂದಿಗ್ಧ ಬೇರೆ. ಹೀಗೆ ಪ್ರಶ್ನೆಗಳು ಹಲವಾದರೂ ಅವೆಲ್ಲವೂ ಒಂದೇ ಗಂಟಿಗೆ ಸೇರಿದವೆಂದು ನನಗೆ ತೋರುತ್ತದೆ.

ನಮ್ಮ ಸೀಮೆಯಲ್ಲಿ ಇಂಥ ಗ್ರೂಪುಗಳು ವಿನೋದಕ್ಕಾಗಿ ಹುಟ್ಟಿದವುಗಳಲ್ಲ. ತುಂಗಭದ್ರಾ ಎಡದಂಡೆಯ ನೀರು ಯಾವ ದಿನ ಯಾವ ಗೇಜನ್ನು ಮುಟ್ಟಿತೆಂಬ ಸುದ್ದಿ, ಸಿಂಧನೂರಿನ ಮಿಲ್ಲುಗಳಲ್ಲಿ ಸೋನಾ ಮಸೂರಿಯ ದರ, ಹಟ್ಟಿ ಚಿನ್ನದ ಗಣಿಯ ಕೆಲಸಗಾರರ ಪಾಳಿಯ ಮಾತು, ಮಸ್ಕಿಯ ರೈತರು ಕೇಳುತ್ತ ಬಂದಿರುವ 5ಎ ಕಾಲುವೆಯ ಹೋರಾಟದ ಕರೆ, ಮಕ್ಕಳ ಶಾಲೆಯ ಸೂಚನೆ, ಇವೆಲ್ಲವೂ ಈಗ ಆ ಕಿರುಪರದೆಯ ಮೇಲೆಯೇ ಬರುತ್ತವೆ. ಹಿಂದೆ ಚಹದಂಗಡಿಯ ಬೆಂಚಿನ ಮೇಲೆ ಐದಾರು ಜನರ ನಡುವೆ ಹುಟ್ಟಿ ಅಲ್ಲಿಯೇ ಅಡಗುತ್ತಿದ್ದ ಮಾತು ಈಗ ಸಾವಿರದ ಇಪ್ಪತ್ತನಾಲ್ಕು ಜನರವರೆಗೆ ಸದಸ್ಯರನ್ನು ತುಂಬಿಕೊಳ್ಳಬಲ್ಲ ಸಭೆಯೊಂದರಲ್ಲಿ ಬರಹವಾಗಿ ನಿಲ್ಲುತ್ತದೆ. ಈ ಸಭೆಗೆ ಅಧ್ಯಕ್ಷನನ್ನು ಯಾರೂ ಚುನಾಯಿಸಿದವರಲ್ಲ, ಆತನು ಪ್ರಮಾಣವಚನವನ್ನು ಸ್ವೀಕರಿಸಿದವನಲ್ಲ. ಮೊದಲು ಗ್ರೂಪು ಕಟ್ಟಿದವನು ಯಾರೋ ಅವನೇ ಅಡ್ಮಿನ್. ಕಾಲುವೆಯ ಗ್ಯಾಂಗ್‌ಮನ್ನನು ತೂಬನ್ನು ಏರಿಸಿ ಇಳಿಸಬಲ್ಲವನೇ ಹೊರತು ನೀರಿನ ಒಡೆಯನಲ್ಲವಷ್ಟೆ. ಅಡ್ಮಿನ್ನನ ಅಧಿಕಾರವೂ ಅಷ್ಟರದೇ ಎಂಬುದನ್ನು ಆತನೂ ಮರೆಯುತ್ತಾನೆ, ಸದಸ್ಯರೂ ಮರೆಯುತ್ತಾರೆ.

ಮೊದಲು ಭಯದ ಮಾತನ್ನು ಮುಗಿಸಿಬಿಡೋಣ. ಗ್ರೂಪಿನಲ್ಲಿ ಯಾರು ಏನು ಹಾಕಿದರೂ ಅಡ್ಮಿನ್ನನೇ ಅಪರಾಧಿ ಎಂಬ ಮಾತು ಊರೂರಿನಲ್ಲಿ ಪ್ರಚಾರದಲ್ಲಿದೆ. ಕೆಲವು ಅಧಿಕಾರಿಗಳೂ ಹಾಗೆ ಹೇಳಿ ಹೆದರಿಸುವುದುಂಟು. ಬೊಂಬಾಯಿ ಉಚ್ಚ ನ್ಯಾಯಾಲಯದ ನಾಗಪುರ ಪೀಠವು 2021ರಲ್ಲಿಯೂ, ಕೇರಳ ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿಯೂ ಇದಕ್ಕೆ ವಿರುದ್ಧವಾದ ನಿರ್ಣಯವನ್ನೇ ಕೊಟ್ಟಿವೆ. ಸದಸ್ಯನನ್ನು ಸೇರಿಸುವುದು, ತೆಗೆಯುವುದು ಇವಿಷ್ಟರ ಹೊರತು ಅಡ್ಮಿನ್ನನಿಗೆ ಬೇರೆ ಹಿಡಿತವಿಲ್ಲವಾದ್ದರಿಂದಲೂ, ಆತನಿಗೂ ಸದಸ್ಯನಿಗೂ ಒಡೆಯ ಆಳುಗಳ ಸಂಬಂಧವಿಲ್ಲವಾದ್ದರಿಂದಲೂ, ಇನ್ನೊಬ್ಬನು ಹಾಕಿದುದಕ್ಕೆ ಆತನನ್ನು ಶಿಕ್ಷಿಸಲಾಗದೆಂಬುದು ಕೇರಳದ ತೀರ್ಪಿನ ಸಾರ. ಇಬ್ಬರೂ ಕೂಡಿ ಮೊದಲೇ ಹೂಡಿದ ಸಂಚಿದ್ದರೆ ಮಾತು ಬೇರೆ ಎಂಬುದು ನಾಗಪುರದ ತೀರ್ಪಿನ ಸಾರ. ನೆರೆಯ ರಾಜ್ಯಗಳ ಈ ತೀರ್ಪುಗಳು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕಲಾರವಾದರೂ ಅವುಗಳಿಗೆ ತೂಕವಿದೆ. ಆದುದರಿಂದ ಜೈಲಿನ ಹೆದರಿಕೆಯಿಂದ ಗ್ರೂಪನ್ನು ಆಳಬೇಕಾಗಿಲ್ಲ. ಹೆದರಿದವನು ಒಂದೋ ಎಲ್ಲರ ಬಾಯನ್ನೂ ಮುಚ್ಚುತ್ತಾನೆ, ಇಲ್ಲವೆ ತನ್ನನ್ನು ಉಳಿಸಿಕೊಳ್ಳುವ ಆತುರದಲ್ಲಿ ಇನ್ನೊಬ್ಬನನ್ನು ಬೀದಿಗೆ ತಂದು ನಿಲ್ಲಿಸುತ್ತಾನೆ.

ಕಾನೂನು ಕ್ಷಮಿಸಿದ ಮಾತ್ರಕ್ಕೆ ಹೊಣೆ ಇಲ್ಲವಾಯಿತೆಂದು ಮಾತ್ರ ತಿಳಿಯಲಾಗದು. ನಮ್ಮದೇ ವಿಭಾಗದ ಬೀದರ ಜಿಲ್ಲೆಯಲ್ಲಿ 2018ರ ಜುಲೈ ತಿಂಗಳ 13ರಂದು ನಡೆದುದನ್ನು ನೆನೆಯಬೇಕು. ಹೈದರಾಬಾದಿನಿಂದ ಬಂದಿದ್ದ ಕೆಲವರು ಗೆಳೆಯರು ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ನೆಪವಾಗಿ, ಇವರು ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸ್‌ಆ್ಯಪಿನ ಮೂಲಕ ಅವರ ಕಾರಿಗಿಂತಲೂ ಮುಂಚೆ ಮುರ್ಕಿ ಎಂಬ ಊರನ್ನು ಮುಟ್ಟಿತು. ಅಲ್ಲಿ ಕೂಡಿದ್ದ ಜನ ಅವರನ್ನು ಅಡ್ಡಗಟ್ಟಿ ಬಡಿದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರು ಸತ್ತುಹೋದನು. ಬಂಧಿತರಾದವರಲ್ಲಿ ಗ್ರೂಪೊಂದರ ಅಡ್ಮಿನ್ ಕೂಡ ಇದ್ದನು. ಆ ತಿಂಗಳಲ್ಲಿಯೇ ವಾಟ್ಸ್‌ಆ್ಯಪ್ ಸಂಸ್ಥೆ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಫಾರ್ವರ್ಡ್ ಮಾಡಬಾರದೆಂಬ ಮಿತಿಯನ್ನು ತಂದಿತು. ಈ ದಾರುಣ ಪ್ರಸಂಗವನ್ನು ಎಲ್ಲರೂ ವದಂತಿಯ ಉದಾಹರಣೆಯಾಗಿ ಹೇಳುತ್ತಾರೆ, ಅದು ನಿಜವೇ. ನನಗಾದರೋ ಅದರಲ್ಲಿ ಇನ್ನೂ ಒಂದು ಅಂಶ ಎದ್ದು ಕಾಣುತ್ತದೆ. ಪರಸ್ಥಳದ ಆ ಗೆಳೆಯರ ಗುರುತನ್ನು, ಅವರ ವಾಹನವನ್ನು, ಅವರು ಹೋಗುತ್ತಿರುವ ದಾರಿಯನ್ನು ಕೈಯಲ್ಲಿ ಸಾಕ್ಷ್ಯವಿಲ್ಲದ ಗುಂಪೊಂದು ಇನ್ನೊಂದು ಗುಂಪಿಗೆ ಒಪ್ಪಿಸಿಬಿಟ್ಟಿತು. ಆ ಸುದ್ದಿ ಬರಿಯ ಮಕ್ಕಳ ಕಳ್ಳರಿದ್ದಾರೆಂಬ ಸುದ್ದಿಯಾಗಿದ್ದರೆ ಜನ ಮನೆಯ ಬಾಗಿಲನ್ನು ಹಾಕಿಕೊಳ್ಳುತ್ತಿದ್ದರು. ಇಂಥ ಕಾರಿನಲ್ಲಿ ಇಂಥವರು ಬರುತ್ತಿದ್ದಾರೆಂದುದರಿಂದ ಅವರು ರಸ್ತೆಗೆ ಇಳಿದರು. ಅಡ್ಮಿನ್ನನಿಗೆ ಮೊಟ್ಟಮೊದಲ ಕೆಲಸವಾಗಿರತಕ್ಕದ್ದು ಇದೇ ಎಂದು ನಾನು ಹೇಳುತ್ತೇನೆ: ಹೆಸರು, ಮುಖ, ಫೋನ್ ನಂಬರು, ಗಾಡಿಯ ನಂಬರು, ಮನೆಯ ಗುರುತು ಇವುಗಳೊಡನೆ ಬಂದ ಆರೋಪವನ್ನು, ಅದು ಸತ್ಯವೋ ಅಸತ್ಯವೋ ಎಂಬ ವಿಚಾರಣೆಗೆ ಕಾಯದೆ, ತತ್‌ಕ್ಷಣ ತೆಗೆದುಹಾಕುವುದು. 2022ರಿಂದೀಚೆಗೆ ಯಾವ ಸದಸ್ಯನ ಸಂದೇಶವನ್ನಾದರೂ ಎಲ್ಲರ ಪರದೆಯಿಂದಲೂ ಅಳಿಸುವ ಶಕ್ತಿ ಆತನಿಗೆ ದೊರೆತಿದೆಯಾಗಿ, ನನಗೆ ಕೈಯಿರಲಿಲ್ಲವೆಂಬ ನೆಪ ಈಗ ನಡೆಯದು.

ಉಳಿದ ತಪ್ಪುಗಳಿಗೆ ಇಷ್ಟು ಆತುರ ಬೇಡ. ಬೆಳಗಾಗೆದ್ದು ಹೂವಿನ ಚಿತ್ರದೊಡನೆ ಶುಭೋದಯ ಹೇಳುವವರು, ಗ್ರೂಪು ಭತ್ತದ ದರಕ್ಕಾಗಿ ಇದ್ದರೂ ತಮ್ಮ ಪಕ್ಷದ ನಾಯಕನ ಜನ್ಮದಿನವನ್ನು ಆಚರಿಸುವವರು, ಸಾಲದ ಆ್ಯಪಿನ ಕೊಂಡಿಯನ್ನು ಹಾಕುವವರು, ಇವರೆಲ್ಲ ಒಂದೇ ದರ್ಜೆಯ ಅಪರಾಧಿಗಳಲ್ಲ. ಮೊದಲನೆಯವರಿಗೆ ಸಹನೆ ಸಾಕು; ಎರಡನೆಯವರಿಗೆ ಒಂದು ಮಾತು ಸಾಕು; ಮೂರನೆಯವರ ಕೊಂಡಿಯನ್ನು ಅಳಿಸಿ, ಯಾರಾದರೂ ಅದನ್ನು ಒತ್ತಿ ಹಣ ಕಳೆದುಕೊಂಡಿದ್ದರೆ 1930ಕ್ಕೆ ಕರೆ ಮಾಡಿರೆಂದು ಹೇಳಬೇಕು. ಯಾವ ತಪ್ಪಿಗೆ ಏನು ಎಂಬುದನ್ನು ನಾಲ್ಕು ಸಾಲುಗಳಲ್ಲಿ ಬರೆದು ಗ್ರೂಪಿನ ವಿವರಣೆಯಲ್ಲಿ ಮೊದಲೇ ಹಾಕಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ನಾಲ್ಕು ಸಾಲುಗಳೆಂದೆ; ನಲವತ್ತು ಸಾಲುಗಳ ಸಂವಿಧಾನವನ್ನು ಬರೆದ ಅಡ್ಮಿನ್ನರನ್ನೂ ನಾನು ಬಲ್ಲೆ; ಅದನ್ನು ಬರೆದವನ ಹೊರತು ಬೇರೆ ಯಾರೂ ಓದುವುದಿಲ್ಲ, ಬರೆದವನು ಕೂಡ ಅದನ್ನು ತನಗಾಗದವನ ಮೇಲೆಯೇ ಪ್ರಯೋಗಿಸುತ್ತಾನೆ.

ಕಟ್ಟಳೆಯು ಎಲ್ಲರಿಗೂ ಸಮನಾಗಿರಬೇಕೆಂಬ ಮಾತು ಬಂದಾಗ ಮಸ್ಕಿಯ ಬಂಡೆ ತಾನಾಗಿ ಜ್ಞಾಪಕಕ್ಕೆ ಬರುತ್ತದೆ. 1915ರಲ್ಲಿ ಬೀಡನ್ ಎಂಬ ಗಣಿಯ ಎಂಜಿನಿಯರು ಕಂಡುಹಿಡಿದ ಆ ಶಾಸನವನ್ನು ನಾವು ಅಶೋಕನ ಹೆಸರು ಅದರಲ್ಲಿ ಕೆತ್ತಲ್ಪಟ್ಟಿರುವುದಕ್ಕಾಗಿ ಕೊಂಡಾಡುತ್ತೇವೆ. ಅದು ಹೇಳುವ ವಿಷಯವನ್ನು ಅಷ್ಟಾಗಿ ಗಮನಿಸುವುದಿಲ್ಲ. ಧರ್ಮದಲ್ಲಿ ತೊಡಗಿದವನು ಅಲ್ಪನಾದರೂ ಈ ಫಲವನ್ನು ಪಡೆಯಬಲ್ಲನು, ಇದು ದೊಡ್ಡವರಿಗೆ ಮಾತ್ರ ಮೀಸಲೆಂದು ಯಾರೂ ಭಾವಿಸಬಾರದು ಎಂಬುದು ಅದರ ತಾತ್ಪರ್ಯ. ಫಲದಲ್ಲಿ ಸಣ್ಣವನು ದೊಡ್ಡವನು ಎಂಬ ಭೇದ ಇಲ್ಲವಾದರೆ ದಂಡನೆಯಲ್ಲಿಯೂ ಇರಕೂಡದಷ್ಟೆ! ನಮ್ಮ ಗ್ರೂಪುಗಳಲ್ಲಿ ನಡೆಯುವುದು ಇದಕ್ಕೆ ವಿಪರೀತ. ಕಂತ್ರಾಟುದಾರರು ಅರ್ಧರಾತ್ರಿಯಲ್ಲಿ ಕಳಿಸಿದ ಅಸಭ್ಯ ಹಾಸ್ಯವನ್ನು ಕಂಡೂ ಕಾಣದಂತೆ ಇರುವ ಅಡ್ಮಿನ್, ಕೂಲಿಯ ಹುಡುಗನೊಬ್ಬನು ತಪ್ಪಿ ಹಾಕಿದ ಹಾಡಿನ ತುಣುಕಿಗೆ ಮುನಿದು ಅವನನ್ನು ರಿಮೂವ್ ಮಾಡುತ್ತಾನೆ. ಮರುದಿನ ಆ ಹುಡುಗ ಸಂತೆಯಲ್ಲಿ ಎದುರಾಗಿ, ‘ನನ್ನ ಯಾಕ ತಗದ್ರಿ?’ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಉತ್ತರವಿಲ್ಲದ ದಂಡನೆಯನ್ನು ಕೊಡಲೇಬಾರದೆಂದು ನನ್ನ ಅಭಿಪ್ರಾಯ.

ಇಲ್ಲಿಯವರೆಗಿನದು ಸುಲಭದ ಮಾತು. ಕಷ್ಟವಿರುವುದು ದಂಡನೆಯನ್ನು ಕೊಡುವ ರೀತಿಯಲ್ಲಿ. ಬೆಂಗಳೂರಿನಂಥ ಮಹಾನಗರದಲ್ಲಿ ಒಂದು ಗ್ರೂಪಿನಿಂದ ಹೊರಹಾಕಲ್ಪಟ್ಟವನು ಇನ್ನೊಂದನ್ನು ಸೇರಿಕೊಂಡರೆ ಆಯಿತು. ಅವನನ್ನು ಹೊರಹಾಕಿದವನ ಮುಖವನ್ನು ಆತ ಜನ್ಮದಲ್ಲಿ ಕಾಣಬೇಕಾಗಿಲ್ಲ. ನಮ್ಮಲ್ಲಿ ಹಾಗಲ್ಲ. ಗ್ರೂಪಿನಲ್ಲಿರುವವರೇ ಅಂಗಡಿಯಲ್ಲಿಯೂ ಇರುತ್ತಾರೆ, ಮಿಲ್ಲಿನಲ್ಲಿಯೂ ಇರುತ್ತಾರೆ, ಜಾತ್ರೆಯ ತೇರಿನ ಮುಂದೆಯೂ ಇರುತ್ತಾರೆ. ಪರದೆಯ ಮೇಲೆ ಆದ ಅವಮಾನ ಅಲ್ಲಿಗೆ ಮುಗಿಯದೆ ಸಾಲ ಕೊಡುವ ಅಡತಿಯವರೆಗೆ, ಹೆಣ್ಣು ಕೇಳಲು ಹೋದ ಮನೆಯವರೆಗೆ ಹಿಂಬಾಲಿಸಿಕೊಂಡು ಹೋಗುತ್ತದೆ. ಸಾಮಾನ್ಯವಾಗಿ ನಡೆಯುವುದು ಹೀಗೆ: ಮೇಲ್ಭಾಗದ ರೈತರು ಅಕ್ರಮವಾಗಿ ನೀರು ಎತ್ತುತ್ತಿದ್ದಾರೆಂದು ಕೆಳಭಾಗದ ಒಬ್ಬನು ಸಿಟ್ಟಿನಲ್ಲಿ ಏನೋ ಒಂದು ಬೈಗುಳವನ್ನು ಹಾಕುತ್ತಾನೆ, ಅಡ್ಮಿನ್ ಅವನಿಗೆ ಖಾಸಗಿಯಾಗಿ ಬುದ್ಧಿ ಹೇಳುತ್ತಾನೆ, ಅವನು ಖಾಸಗಿಯಾಗಿಯೇ ಇನ್ನೂ ಎರಡು ಮಾತು ಹೆಚ್ಚಾಗಿ ಆಡುತ್ತಾನೆ, ಆಗ ಅಡ್ಮಿನ್ ಆ ಖಾಸಗಿ ಸಂಭಾಷಣೆಯ ಸ್ಕ್ರೀನ್‌ಶಾಟನ್ನು ತೆಗೆದು, ಇಂಥವನು ಇಂಥ ಊರಿನವನು ಎಂಬ ಟಿಪ್ಪಣಿಯೊಡನೆ ಎಲ್ಲರ ಮುಂದೆ ಹಾಕಿ, ಬಳಿಕ ಅವನನ್ನು ಹೊರದೂಡುತ್ತಾನೆ. ಕಟ್ಟಳೆಯನ್ನು ಮೊದಲು ಮುರಿದವನು ರೈತನೇ, ಒಪ್ಪೋಣ. ಆದರೆ ದೊಡ್ಡದಾಗಿ ಮುರಿದವನು ಯಾರು? ಒಬ್ಬನು ಒಂದು ಕ್ಷಣದ ಸಿಟ್ಟಿನಲ್ಲಿ ಆಡಿದುದನ್ನು ಇನ್ನೊಬ್ಬನು ಅಳಿಯದ ದಾಖಲೆಯನ್ನಾಗಿ ಮಾಡಿ, ಉತ್ತರ ಕೊಡುವ ಅವಕಾಶವನ್ನೂ ಕಸಿದುಕೊಂಡು, ಸಾವಿರ ಜನರ ಕೈಗೆ ಹಂಚಿದನು.

ಆದಕಾರಣ ನನ್ನ ಸಲಹೆ ಇಷ್ಟೇ: ಸಂದೇಶವನ್ನು ಬಹಿರಂಗವಾಗಿ ತೆಗೆಯಿರಿ, ವ್ಯಕ್ತಿಯೊಡನೆ ಏಕಾಂತದಲ್ಲಿ ಮಾತನಾಡಿರಿ. ಇಂಥ ಕಟ್ಟಳೆಯ ಪ್ರಕಾರ ಒಂದು ಬರಹವನ್ನು ಅಳಿಸಲಾಗಿದೆ ಎಂದು ಗ್ರೂಪಿಗೆ ತಿಳಿಸುವುದು ಯುಕ್ತ. ಬರೆದವನ ಹೆಸರನ್ನು ಎತ್ತಿ ಆಡುವುದು ಅಯುಕ್ತ. ಹೆಸರು ಹೇಗೂ ಎಲ್ಲರಿಗೂ ಗೊತ್ತಿರುತ್ತದಲ್ಲ ಎಂದು ಒಬ್ಬ ವಾಚಕರು ಆಕ್ಷೇಪಿಸಿದ್ದಾರೆ. ಗೊತ್ತಿರಬಹುದು. ಜನಕ್ಕೆ ಗೊತ್ತಿರುವುದು ಬೇರೆ, ಅಧಿಕಾರಸ್ಥಾನದಲ್ಲಿರುವವನು ಅದನ್ನು ಸಾರುವುದು ಬೇರೆ; ಮೊದಲನೆಯದು ವಾರದಲ್ಲಿ ಮಾಸುತ್ತದೆ, ಎರಡನೆಯದು ತೀರ್ಪಾಗಿ ಉಳಿಯುತ್ತದೆ.

ಈ ವಿಷಯದಲ್ಲಿ ಕನ್ನಡ ವಿಕಿಪೀಡಿಯದ ಪದ್ಧತಿ ನೋಡತಕ್ಕದ್ದು. 2003ರಲ್ಲಿ ಆರಂಭವಾದ ಆ ವಿಶ್ವಕೋಶದಲ್ಲಿಯೂ ಪುಟವನ್ನು ಕೆಡಿಸುವವರುಂಟು, ಅವರನ್ನು ತಡೆಯುವ ನಿರ್ವಾಹಕರೂ ಉಂಟು. ಯಾವ ಖಾತೆಯನ್ನು ಯಾವ ಕಾರಣಕ್ಕೆ ಎಷ್ಟು ಕಾಲ ತಡೆಯಲಾಯಿತೆಂಬುದು ಅಲ್ಲಿ ಯಾರು ಬೇಕಾದರೂ ನೋಡಬಹುದಾದ ದಾಖಲೆ. ಆದರೆ ಆ ಖಾತೆಯ ಹಿಂದಿರುವ ಮನುಷ್ಯನು ಎಲ್ಲಿಯವನು, ಯಾವ ಯಂತ್ರದಿಂದ ಬರೆದನು ಎಂಬ ಗುಪ್ತ ವಿವರ ಸಾಮಾನ್ಯ ನಿರ್ವಾಹಕನಿಗೂ ಕಾಣದು; ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ ಕೆಲವೇ ಮಂದಿಗೆ, ಅದೂ ಕಾರಣವಿದ್ದಾಗ ಮಾತ್ರ, ಅದು ಕಾಣುತ್ತದೆ. ಒಬ್ಬನ ನಿಜನಾಮವನ್ನು ಅವನ ಸಮ್ಮತಿಯಿಲ್ಲದೆ ಬಯಲಿಗೆಳೆಯುವುದು ಅಲ್ಲಿ ಕಿರುಕುಳವೆಂದು ಪರಿಗಣಿತವಾಗಿದೆ. ಅಧಿಕಾರ ನಡೆಸುವವನ ಕೆಲಸವೆಲ್ಲ ಬೆಳಕಿನಲ್ಲಿ, ಅಧಿಕಾರಕ್ಕೆ ಒಳಗಾದವನ ಗುರುತೆಲ್ಲ ಮರೆಯಲ್ಲಿ; ನಮ್ಮ ಗ್ರೂಪುಗಳಲ್ಲಿ ಇದು ಸರಿಯಾಗಿ ತಲೆಕೆಳಗಾಗಿದೆ.

ದೂರು ಕೊಟ್ಟವರ ಗುರುತಂತೂ ಇನ್ನೂ ಜೋಪಾನವಾಗಿರಬೇಕು. ವಾಟ್ಸ್‌ಆ್ಯಪಿನ ಸಾಮಾನ್ಯ ಗ್ರೂಪಿನಲ್ಲಿ ಪ್ರತಿಯೊಬ್ಬರ ನಂಬರೂ ಪ್ರತಿಯೊಬ್ಬರಿಗೂ ಕಾಣುತ್ತದೆ. ಸ್ತ್ರೀಶಕ್ತಿ ಸಂಘದ ಲೆಕ್ಕಕ್ಕೋ ಮಗುವಿನ ಶಾಲೆಗೋ ಸೇರಿದ ಹೆಣ್ಣುಮಗಳಿಗೆ ಅಪರಿಚಿತರ ಕರೆಗಳು ಬರತೊಡಗುವುದು ಈ ಬಾಗಿಲಿನಿಂದಲೇ. ಆಕೆ ಅಡ್ಮಿನ್ನನಿಗೆ ಹೇಳಿಕೊಂಡರೆ ಆತನು ಉತ್ಸಾಹದಿಂದ, ‘ನಮ್ಮ ಗ್ರೂಪಿನ ಸಹೋದರಿಯೊಬ್ಬರಿಗೆ ಇಂಥ ನಂಬರಿನಿಂದ ಕಾಟ’ ಎಂದು ಸಾರುತ್ತಾನೆ. ಹೆಂಗಸರು ಏಳೆಂಟು ಜನ ಇರುವ ಗ್ರೂಪಿನಲ್ಲಿ ಆ ಸಹೋದರಿ ಯಾರೆಂಬುದನ್ನು ಪತ್ತೆ ಮಾಡಲು ಸಂಜೆಯಾಗಬೇಕಿಲ್ಲ. ಆಕೆಯನ್ನು ಕೇಳದೆ ಒಂದು ಅಕ್ಷರವನ್ನೂ ಬರೆಯಕೂಡದು. ಮಕ್ಕಳ ಮೇಲಾದ ಅಥವಾ ಹೆಂಗಸರ ಮೇಲಾದ ಲೈಂಗಿಕ ಅಪರಾಧದ ವಿಷಯವಾದರೆ ಸೌಜನ್ಯದ ಮಾತು ಹಾಗಿರಲಿ, ಕಾನೂನಿನ ಆಜ್ಞೆಯೇ ಇದೆ. ಪೋಕ್ಸೊ ಕಾಯಿದೆಯ 23ನೆಯ ಕಲಮೂ ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮೂ ನೊಂದವರ ಗುರುತನ್ನು ಪ್ರಕಟಿಸುವುದನ್ನು ಶಿಕ್ಷಾರ್ಹವೆನ್ನುತ್ತವೆ. ನ್ಯಾಯ ಸಿಗಲೆಂಬ ಸದುದ್ದೇಶದಿಂದ ಆ ಹುಡುಗಿಯ ಫೋಟೋವನ್ನು ಹಂಚುವವರಿಗೆ ಇದನ್ನು ಯಾರಾದರೂ ಕೂಡಿಸಿಕೊಂಡು ಹೇಳಬೇಕು.

ಖಾಸಗಿತನವೆಂಬುದು ಪಟ್ಟಣದ ಸಿರಿವಂತರ ಶೋಕಿ, ಹಳ್ಳಿಯವರಿಗೆ ಅದೇಕೆ ಎನ್ನುವವರಿದ್ದಾರೆ. ಅದನ್ನು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಸಾರಿದುದು ಕರ್ನಾಟಕದವರೇ ಆದ, ನಮ್ಮ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾಗಿದ್ದು ನಿವೃತ್ತರಾದ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಅವರು ಅದನ್ನು ಸಲ್ಲಿಸಿದಾಗ ಎಂಬತ್ತನ್ನು ದಾಟಿದ್ದರು, ವಿಷಯ ಆಧಾರ್ ಕಾರ್ಡು. ಆ ಆಧಾರ್ ಕಾರ್ಡು ನಮ್ಮ ಗ್ರೂಪುಗಳಲ್ಲಿ ಎಷ್ಟು ಅಗ್ಗವಾಗಿದೆಯೆಂದರೆ, ಬೆಳೆಹಾನಿಯ ಪರಿಹಾರಕ್ಕೆ ಹೆಸರು ಬರೆಸಿರೆಂದು ಒಬ್ಬನು ಹೇಳಿದೊಡನೆ ಪಹಣಿ, ಆಧಾರ್, ಬ್ಯಾಂಕಿನ ಪಾಸ್‌ಬುಕ್ ಈ ಮೂರರ ಫೋಟೋಗಳನ್ನೂ ಹತ್ತಾರು ಜನ ಎಲ್ಲರೆದುರು ಸುರಿಯುತ್ತಾರೆ. ಸಿಂಧನೂರಿನ ಸುತ್ತಣ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದು ನೆಲೆಸಿದ ಬಂಗಾಲಿ ಕುಟುಂಬಗಳಿವೆ. ಪೌರತ್ವದ ಕಾಗದವೆಂಬುದು ಅವರ ಪಾಲಿಗೆ ಪ್ರಾಣದಷ್ಟು ಬೆಲೆಯುಳ್ಳದ್ದು, ಅದರ ಒಂದು ಚಿತ್ರ ಸಲ್ಲದ ಕೈಗೆ ಸಿಕ್ಕಿ, ಸಲ್ಲದ ತಲೆಬರಹದೊಡನೆ ತಿರುಗತೊಡಗಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಇಂಥ ಕಾಗದಗಳನ್ನು ಕಂಡ ಕೂಡಲೆ ಅಳಿಸುವುದು, ಯಾರಿಗೆ ಬೇಕೋ ಅವರಿಗೆ ನೇರವಾಗಿ ಕಳಿಸಿರೆಂದು ಹೇಳುವುದು, ಕೆಲಸ ಮುಗಿದ ಮೇಲೆ ತನ್ನ ಫೋನಿನಲ್ಲಿ ಉಳಿದ ಪ್ರತಿಗಳನ್ನೂ ತೆಗೆಯುವುದು ಅಡ್ಮಿನ್ನನ ನಿತ್ಯಕರ್ಮವಾಗಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಸ್ವಂತದ ಅಥವಾ ಮನೆವಾರ್ತೆಯ ಉದ್ದೇಶಕ್ಕಾಗಿ ಮಾಹಿತಿಯನ್ನು ಇಟ್ಟುಕೊಂಡ ವ್ಯಕ್ತಿಗೆ ಅನ್ವಯಿಸುವುದಿಲ್ಲ. ಗೆಳೆಯರ ಗ್ರೂಪು ಆ ವಿನಾಯಿತಿಯಲ್ಲಿ ಬಚಾವಾಗಬಹುದು. ಬೀಜ ಗೊಬ್ಬರದ ವ್ಯಾಪಾರಕ್ಕಾಗಿ ಗಿರಾಕಿಗಳ ಗ್ರೂಪನ್ನು ಕಟ್ಟಿದವರು ಆ ವಿನಾಯಿತಿ ತಮಗೂ ಉಂಟೆಂದು ನಂಬಿ ಕೂರದಿರುವುದು ಒಳ್ಳೆಯದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದ ಮೇಲಿನ ವಾರವನ್ನು ಎಡದಂಡೆಯ ರೈತರಾರೂ ಮರೆತಿರಲಾರರು. ಸ್ಟಾಪ್‌ಲಾಗ್ ಇಳಿಸುವ ತನಕ ನೀರು ನದಿಗೆ ಹರಿದುಹೋಗುತ್ತಿತ್ತು. ನಾಟಿ ಮಾಡಿದವರ ಜೀವ ಬಾಯಿಗೆ ಬಂದಿತ್ತು. ಅಂಥ ವೇಳೆಯಲ್ಲಿ ಯಾವಾಗಿನದೋ ಎಲ್ಲಿಯದೋ ಒಂದು ಅಣೆಕಟ್ಟಿನ ವಿಡಿಯೊವನ್ನು ಹೆದರಿದ ಒಬ್ಬ ರೈತ ನಿಜವೆಂದು ನಂಬಿ ಮುಂದಕ್ಕೆ ಕಳಿಸಿದರೆ ಅವನನ್ನು ವದಂತಿಕೋರನೆಂದು ಕರೆಯುವುದು ಅನ್ಯಾಯ. ಆ ವಿಡಿಯೊವನ್ನು ಅಳಿಸಿ, ಜಲಾಶಯದಿಂದ ಅಧಿಕೃತವಾಗಿ ಬಂದ ಮಟ್ಟವನ್ನೂ ಹೊರಹರಿವನ್ನೂ ಅದರ ಸ್ಥಾನದಲ್ಲಿ ಹಾಕಿದರೆ ಸಾಕು. ಕಳಿಸಿದವನಿಗೆ ಒಂದು ಫೋನ್ ಕರೆ ಸಾಕು. ಹೆದರಿಕೆಯಿಂದ ಆದ ತಪ್ಪಿಗೂ ದುರುದ್ದೇಶದಿಂದ ಆದ ತಪ್ಪಿಗೂ ಅಂತರವನ್ನು ಕಾಣಲಾರದವನು ಅಡ್ಮಿನ್ ಆಗಿರುವುದಕ್ಕಿಂತ ಸದಸ್ಯನಾಗಿರುವುದು ಮೇಲು.

ಇನ್ನು ಪೊಲೀಸರ ವಿಷಯ. ಬೆದರಿಕೆ, ಮಕ್ಕಳ ಅಶ್ಲೀಲ ಚಿತ್ರ, ಗಲಭೆಗೆ ಕರೆ, ಇಂಥ ಅಪರಾಧಗಳಲ್ಲಿ ಮುಚ್ಚಿಡುವುದು ಗೋಪ್ಯತೆಯಲ್ಲ. ಯಾರು, ಎಂದು, ಯಾವ ಹೊತ್ತಿಗೆ ಹಾಕಿದರೆಂಬುದನ್ನು ಗುರುತು ಹಾಕಿಕೊಂಡು, ಗ್ರೂಪಿನಿಂದ ಅಳಿಸಿ, ನೇರವಾಗಿ ಠಾಣೆಗೆ ತಿಳಿಸಬೇಕು. ಸಾಕ್ಷ್ಯವೆಂಬ ನೆಪದಿಂದ ಅದನ್ನು ಇನ್ನೊಂದು ಗ್ರೂಪಿಗೆ ಕಳಿಸಿದರೆ ತಾನೂ ಅದೇ ಅಪರಾಧವನ್ನು ಮಾಡಿದಂತೆ. ಹಾಗಲ್ಲದೆ ಯಾರೋ ಪರಿಚಯದ ಪೇದೆ ಬಾಯಿಮಾತಿನಲ್ಲಿ ಗ್ರೂಪಿನವರ ಪಟ್ಟಿಯನ್ನೆಲ್ಲ ಕೇಳಿದರೆ, ಲಿಖಿತವಾಗಿ ಕೇಳಿರೆಂದು ವಿನಯದಿಂದ ಹೇಳಲು ಅಡ್ಡಿಯಿಲ್ಲ. ದಾಖಲೆಯನ್ನು ತರಿಸಿಕೊಳ್ಳಲು ಠಾಣಾಧಿಕಾರಿಯು ಲಿಖಿತ ಆದೇಶ ಕೊಡುವ ಕ್ರಮ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೆಯ ಕಲಮಿನಲ್ಲಿಯೇ ಇದೆ.

ಪೊಲೀಸರಿಗಿಂತ ಹೆಚ್ಚಾಗಿ ಈ ಪಟ್ಟಿಯನ್ನು ಕೇಳುವವರು ಅಭ್ಯರ್ಥಿಗಳು. 2021ರ ಏಪ್ರಿಲ್ಲಿನಲ್ಲಿ ಮಸ್ಕಿಗೆ ಉಪಚುನಾವಣೆ ಬಂದಂತೆ ಎಲ್ಲಿಗಾದರೂ ಚುನಾವಣೆ ಬಂತೆಂದರೆ ರೈತರ ಗ್ರೂಪಿನ ನಂಬರುಗಳಿಗೆ ಇದ್ದಕ್ಕಿದ್ದಂತೆ ಬೆಲೆ ಬರುತ್ತದೆ. ಈ ಸಲವೂ ಪಂಚಾಯಿತಿಯ ಮಟ್ಟದ ಒಬ್ಬ ಉಮೇದುವಾರರು ಪಟ್ಟಿಯನ್ನು ಕೇಳುತ್ತಿದ್ದಾರೆ, ಕೊಡಲೋ ಬಿಡಲೋ ಎಂದು ಲಿಂಗಸುಗೂರಿನ ಕಡೆಯ ಅಡ್ಮಿನ್ನರೊಬ್ಬರು ಬರೆದಿದ್ದಾರೆ. ಕೊಡತಕ್ಕದ್ದಲ್ಲ. ಜನ ತಮ್ಮ ನಂಬರನ್ನು ಕಾಲುವೆಯ ಸುದ್ದಿಗಾಗಿ ಕೊಟ್ಟರು, ಮತಯಾಚನೆಗಾಗಿ ಅಲ್ಲ. ಉಮೇದುವಾರರಿಗೆ ಹೇಳುವುದಿದ್ದರೆ ಅವರು ಬರೆದು ಕಳಿಸಲಿ, ಕಟ್ಟಳೆ ಒಪ್ಪಿದರೆ ಎಲ್ಲ ಪಕ್ಷಗಳವರದನ್ನೂ ಒಂದೊಂದು ಸಲ ಹಾಕಿರಿ. ಅವರು ಮುನಿಸಿಕೊಂಡಾರು, ಗೆದ್ದರೆ ಐದು ವರ್ಷ ಜ್ಞಾಪಕದಲ್ಲಿ ಇಟ್ಟುಕೊಂಡಾರು. ಆ ಭಯ ಹುಸಿಯೆಂದು ಈ ಊರುಗಳನ್ನು ಬಲ್ಲ ನಾನು ಹೇಳಲಾರೆ. ಅದಕ್ಕಾಗಿಯೇ ಅಡ್ಮಿನ್ ಒಬ್ಬನೇ ಇರಬಾರದು: ಬೇರೆ ಬೇರೆ ಕೇರಿಗಳ, ಸಾಧ್ಯವಾದರೆ ಬೇರೆ ಬೇರೆ ಪಕ್ಷಗಳ ಮೂವರನ್ನು ಇಂದೇ ಜೊತೆಗೆ ಅಡ್ಮಿನ್ನರನ್ನಾಗಿ ಮಾಡಿಕೊಳ್ಳಿರಿ, ನಾಳೆ ಉಮೇದುವಾರರು ಮತ್ತೆ ಬಂದಾಗ, ಉಳಿದ ಮೂವರೂ ಒಪ್ಪಲಿಲ್ಲವೆಂದು ಹೇಳಲು ನಿಮಗೂ ಅನುಕೂಲ, ಕೇಳಲು ಅವರಿಗೂ ಅನುಕೂಲ.